ನೀಲದ ಉಂಗುರಕ್ಕೆ ಮೂರು ಕಡೆ ಅಲೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ನೀಲದ ಹರಳು ತೆಗೆದುಕೊಳ್ಳುವುದಾದರೆ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಬಿಡಿ ಹರಳಿನ ವ್ಯಾಪಾರಿಗಳ ಹತ್ತಿರ ಹೋಗಿ. ಹೀಟೆಡ್ ಸಿಲೋನ್ ನೀಲ, ಅಂದರೆ ಬಿಸಿ ಮಾಡಿ ಬಣ್ಣ ಏರಿಸಿದ ಶ್ರೀಲಂಕಾದ ನೀಲ ಕೇಳಿ. ಪೂರ್ತಿ ದುಡ್ಡು ಕೊಡುವ ಮುಂಚೆ ನೀವೇ ಲ್ಯಾಬ್‌ಗೆ ಕೊಟ್ಟು ಪರೀಕ್ಷೆ ಮಾಡಿಸಿ. ಇಷ್ಟು ತಿಳಿಯುವಷ್ಟರಲ್ಲಿ ನನ್ನ ಹದಿನೆಂಟು ಸಾವಿರ ರೂಪಾಯಿ ಹೋಗಿತ್ತು.

ಹೋದ ವರ್ಷ ಚೀಟಿ ಎತ್ತಿದಾಗ 60,000 ರೂಪಾಯಿ ಕೈಗೆ ಬಂತು. ನನ್ನದೇ ದುಡಿಮೆಯ ಹಣ, ನನಗೇ ಅಂತ ಒಂದು ನೀಲದ ಉಂಗುರ ಬೇಕು ಅನ್ನಿಸಿತು. ಜಾತಕ ನೋಡಿ ಅಲ್ಲ, ಆ ಬಣ್ಣ ಇಷ್ಟ ಅಂತ. ಅತ್ತೆಗೆ ಮಾತ್ರ ಭಯ. "ನೀಲ ಎಲ್ಲರಿಗೂ ಆಗಿಬರಲ್ಲ ಕಣಮ್ಮ, ಶನಿ ಹರಳು ಅದು. ಮೂರು ದಿನ ದಿಂಬಿನ ಕೆಳಗೆ ಇಟ್ಕೊಂಡು ನೋಡು, ಕೆಟ್ಟ ಕನಸು ಬಿದ್ರೆ ವಾಪಸ್ ಕೊಟ್ಟುಬಿಡು" ಅಂದರು. ಈ ಮೂರು ದಿನದ ಮಾತು ಮುಂದೆ ನನಗೆ ಎಷ್ಟು ಉಪಯೋಗಕ್ಕೆ ಬಂತು ಅಂತ ಆಮೇಲೆ ಹೇಳುತ್ತೇನೆ.

ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದೆ. 4.25 ರತ್ತಿ (ಹರಳು ತೂಗುವ ಹಳೆ ಅಳತೆ), ರತ್ತಿಗೆ 4,200 ರೂಪಾಯಿ, ಒಟ್ಟು 17,850. ಫೋಟೋದಲ್ಲಿ ನವಿಲಿನ ಕತ್ತಿನ ಬಣ್ಣ ಇತ್ತು. ಪಾರ್ಸೆಲ್ ಬಿಚ್ಚಿದಾಗಲೂ ಅದೇ ಬಣ್ಣ. ಜೊತೆಗೆ ಎಟಿಎಂ ಕಾರ್ಡಿನ ಅಳತೆಯ ಒಂದು ಸರ್ಟಿಫಿಕೇಟ್. ನನಗೆ ಅಷ್ಟೇ ಸಾಕಾಯಿತು. ನಗರ್ತಪೇಟೆಯಲ್ಲಿ ನಮ್ಮ ಆಚಾರ್ರ ಹತ್ತಿರ ಬೆಳ್ಳಿಯಲ್ಲಿ ಉಂಗುರ ಮಾಡಿಸಿ ಹಾಕಿಕೊಂಡೆ.

ನಾಲ್ಕು ತಿಂಗಳಿಗೆ ಉಂಗುರ ಬಿಗಿಯಾಯಿತು. ಸ್ವಲ್ಪ ದೊಡ್ಡದು ಮಾಡಿಕೊಡಿ ಅಂತ ಅವರಿಗೇ ಕೊಟ್ಟೆ. ನೀಲ ತಾನೇ, ಬೆಂಕಿ ತಡೆಯುತ್ತದೆ ಅಂತ ಅವರು ಹರಳು ಬಿಚ್ಚಲಿಲ್ಲ. ಉಂಗುರ ಕತ್ತರಿಸಿ, ಬೆಸುಗೆ ಹಾಕಿ, ಕರಿ ಹೋಗಲಿ ಅಂತ ನೀರು ಬೆರೆಸಿದ ಆಸಿಡ್‌ನಲ್ಲಿ ಅದ್ದಿ ತೆಗೆದರು. ತೊಳೆದು ನೋಡಿದರೆ ಹರಳಿನ ಮೈಮೇಲೆಲ್ಲ ಸಣ್ಣ ಸಣ್ಣ ಬಿಳಿ ಗೆರೆ. ಒಡೆದ ಪಿಂಗಾಣಿ ತಟ್ಟೆ ಅಂಟಿಸಿದರೆ ಗೆರೆ ಕಾಣುತ್ತದಲ್ಲ, ಹಾಗೆ. ಉಗುರು ಆಡಿಸಿದರೆ ಗೀರು ಸಿಗುತ್ತಿತ್ತು. ಪಾಪ, ಆಚಾರ್ರ ಕೈ ನಡುಗುತ್ತಿತ್ತು. ಇಪ್ಪತ್ತು ವರ್ಷದಿಂದ ನಮ್ಮ ಮನೆ ಕೆಲಸ ಮಾಡಿದವರು ಅವರು.

ತಪ್ಪು ಅವರದಲ್ಲ ಅಂತ ಗೊತ್ತಾಗಿದ್ದು ಲ್ಯಾಬ್‌ಗೆ ಹೋದ ಮೇಲೆ. ಅಲ್ಲಿನ ಮೇಡಂ ಮೈಕ್ರೋಸ್ಕೋಪ್‌ನಲ್ಲಿ ನನಗೇ ತೋರಿಸಿದರು. ಹರಳಿನ ಮೈ ಮಸುಕು ಬೂದು. ನೀಲಿ ಇದ್ದಿದ್ದೆಲ್ಲ ಬಿರುಕುಗಳಲ್ಲಿ, ಬಲೆ ಹರಡಿದ ಹಾಗೆ. ಬಿರುಕಿನೊಳಗೆ ಗಾಳಿಗುಳ್ಳೆಗಳೂ ಇದ್ದವು. ತುಂಬ ಬಿರುಕು ಬಿಟ್ಟ ಕಡಿಮೆ ದರ್ಜೆಯ ಹರಳಿಗೆ ಕೋಬಾಲ್ಟ್ ಬೆರೆಸಿದ ಸೀಸದ ಗಾಜನ್ನು ಕರಗಿಸಿ ತುಂಬುತ್ತಾರೆ. ಬಿರುಕೂ ಮುಚ್ಚುತ್ತದೆ, ಬಣ್ಣವೂ ಬರುತ್ತದೆ. ಆ ಗಾಜು ಆಸಿಡ್‌ಗೆ ತಡೆಯುವುದಿಲ್ಲ. ಬೆಸುಗೆಯ ಬೆಂಕಿಗೂ ತಡೆಯುವುದಿಲ್ಲ.

ಈಗ ಆ ಕಾರ್ಡಿನ ವಿಷಯ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. "ನ್ಯಾಚುರಲ್ ಸಫೈರ್" ಅಂತಿತ್ತು. ನಿಜ, ಹರಳು ನೆಲದಿಂದ ತೆಗೆದಿದ್ದೇ. ತೂಕ ಸರಿ ಇತ್ತು. ಹರಳಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಅಂತ ಹೇಳುವ ವಕ್ರೀಭವನ ಅಂಕ 1.76 ಅಂತಿತ್ತು, ಅದೂ ಸರಿ. ಷರಾ ಅನ್ನುವ ಕಡೆ ಒಂದು ಗೆರೆ ಮಾತ್ರ ಎಳೆದಿತ್ತು. ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಟ್ರೀಟ್‌ಮೆಂಟ್ ಬಗ್ಗೆ ಕೇಳಿಕೊಂಡರೆ ಮಾತ್ರ ಪರೀಕ್ಷೆ ಮಾಡುತ್ತೇವೆ ಅಂತ ಬರೆದಿದ್ದರು. ನಾನು ಓದಿದ್ದು ಹಣ ಹೋದ ಮೇಲೆ.

ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನ್ಯಾಚುರಲ್ ಅಂದರೆ ನೆಲದಲ್ಲಿ ಹುಟ್ಟಿದ್ದು ಅಂತ ಅಷ್ಟೇ. ಆಮೇಲೆ ಅದಕ್ಕೆ ಏನೇನು ಮಾಡಿದ್ದಾರೆ ಅನ್ನುವುದು ಬೇರೆ ಪ್ರಶ್ನೆ. ಆ ಉತ್ತರ ಇರುವುದು ಷರಾದಲ್ಲಿ. ಅಲ್ಲಿ "ಬಿಸಿ ಮಾಡಿದ ಗುರುತಿದೆ", "ಬಿಸಿ ಮಾಡಿದ ಗುರುತಿಲ್ಲ", "ಬಿರುಕು ತುಂಬಿದೆ" ಅಂತ ಏನಾದರೂ ಒಂದು ಮಾತು ಇರಲೇಬೇಕು. ಷರಾ ಖಾಲಿ ಇದ್ದರೆ ಆ ಕಾಗದ ಅರ್ಧ ಕಾಗದ. ಅಂಕಿಗಳನ್ನು ನಂಬಿಯೂ ಕೂರಬೇಡಿ. ಕಾರ್ಖಾನೆಯಲ್ಲಿ ಮಾಡಿದ ನೀಲಕ್ಕೂ ಅದೇ 1.76, ಅದೇ ಗಡಸುತನ, ಯಾಕೆಂದರೆ ಎರಡೂ ಅಲ್ಯುಮಿನಿಯಂ ಆಕ್ಸೈಡ್. ಅಂಥದ್ದನ್ನು ಜ್ವಾಲೆಯಲ್ಲಿ ಬೆಳೆಸುವ ವಿಧಾನವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನೂಯ್ 1902ರಲ್ಲೇ ಪ್ರಕಟಿಸಿದ್ದರು. ಅದರೊಳಗೆ ಬಣ್ಣದ ಗೆರೆಗಳು ಬಾಗಿರುತ್ತವೆ, ನೆಲದ ಹರಳಿನಲ್ಲಿ ನೇರವಾಗಿ, ಕೋನ ಕೋನವಾಗಿ ಇರುತ್ತವೆ.

ಆನ್‌ಲೈನ್‌ನಲ್ಲಿ ಮಾರಿದವರಿಗೆ ಹಣ ವಾಪಸ್ ಕೇಳಿದೆ. ಉಂಗುರಕ್ಕೆ ಕೂರಿಸಿದ ಹರಳನ್ನು ತೆಗೆದುಕೊಳ್ಳುವುದಿಲ್ಲ ಅಂದರು.

ಆಮೇಲೆ ಜಯನಗರದ ಒಂದು ದೊಡ್ಡ ಶೋರೂಮ್‌ಗೆ ಹೋದೆ. ಅಲ್ಲಿ ಕಾಗದಪತ್ರ ಚೊಕ್ಕವಾಗಿತ್ತು, ಅದನ್ನು ಒಪ್ಪಲೇಬೇಕು. ಅವರು ತೋರಿಸಿದ್ದು 1.9 ಕ್ಯಾರೆಟ್ ತೂಕದ್ದು, ಅನ್‌ಹೀಟೆಡ್, ಅಂದರೆ ಬಿಸಿ ಮಾಡದ್ದು, ಕ್ಯಾರೆಟ್‌ಗೆ 65,000. ಹರಳಿಗೇ 1,23,500 ಆಯಿತು. ನನ್ನ ಹತ್ತಿರ ಉಳಿದಿದ್ದು 42,000 ಚಿಲ್ಲರೆ. ಇನ್ನೊಂದು ತೊಂದರೆ, ಬಾಗಿಲ ಹತ್ತಿರ ಬಿಸಿಲ ಬೆಳಕಿಗೆ ತಂದು ನೋಡ್ತೀನಿ ಅಂದರೆ ಬಿಡಲಿಲ್ಲ. ಅಂಗಡಿಯ ದೀಪದಲ್ಲಿ ಹೊಳೆಯದ ಹರಳು ಯಾವುದಿದೆ ಹೇಳಿ?

ಅನ್‌ಹೀಟೆಡ್‌ಗೆ ಅಷ್ಟು ಜಾಸ್ತಿ ಕೊಡಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ, ಬೇಡ. ಅಪರೂಪದ್ದು, ಸರಿ. ಕೂಡಿಡುವವರಿಗೆ ಅದು ಬೇಕು. ನಾನು ದಿನಾ ಹಾಕಿಕೊಂಡು ಬಸ್ಸಲ್ಲಿ ಓಡಾಡುವವಳು. ಮಾರುಕಟ್ಟೆಗೆ ಬರುವ ನೀಲದಲ್ಲಿ ಹೆಚ್ಚಿನವು ಬಿಸಿ ಮಾಡಿದವೇ. ಶ್ರೀಲಂಕಾದಲ್ಲಿ ಹಾಲು ಬೆರೆಸಿದ ಹಾಗೆ ಮಬ್ಬಾದ ಹರಳಿಗೆ ಗೆವುಡ ಅನ್ನುತ್ತಾರೆ. ಒಂದು ಕಾಲಕ್ಕೆ ಅದಕ್ಕೆ ಬೆಲೆಯೇ ಇರಲಿಲ್ಲವಂತೆ. 1970ರ ದಶಕದಲ್ಲಿ ಥಾಯ್ಲೆಂಡ್‌ನವರು ಅದನ್ನು ಕೊಂಡು, ಕುಲುಮೆಯಲ್ಲಿ ಭಾರಿ ಶಾಖ ಕೊಟ್ಟು, ಒಳ್ಳೆ ನೀಲಿ ಮಾಡಿ ಮಾರಿದರು. ಒಳಗಿರುವ ರೇಷ್ಮೆ ಎಳೆಯಂಥ ಸೂಜಿಗಳು ಕರಗಿ, ಅದರ ಟೈಟಾನಿಯಂ ಹರಳಿನ ಕಬ್ಬಿಣದ ಜೊತೆ ಸೇರಿ ಬಣ್ಣ ಕಟ್ಟುತ್ತದೆ. ಹೊರಗಿನಿಂದ ಏನನ್ನೂ ತುಂಬಿಲ್ಲ. ಆ ಬಣ್ಣ ಹೋಗುವುದಿಲ್ಲ, ಆಸಿಡ್‌ಗೂ ಹೆದರುವುದಿಲ್ಲ. ಗಾಜು ತುಂಬಿದ್ದನ್ನೂ ಇದನ್ನೂ "ಟ್ರೀಟೆಡ್" ಅಂತ ಒಂದೇ ತಕ್ಕಡಿಗೆ ಹಾಕುವುದು ತಪ್ಪು.

ಅವೆನ್ಯೂ ರಸ್ತೆಯ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗಿದ್ದು ಅದೇ ಆಚಾರ್ರು. ಓಣಿಯೊಳಗೆ, ಇಕ್ಕಟ್ಟಿನ ಮೆಟ್ಟಿಲು ಹತ್ತಿದ ಮೇಲೆ ಒಂದು ಪುಟ್ಟ ಕೋಣೆ. ಬೆಳಿಗ್ಗೆ ಹನ್ನೊಂದು ಗಂಟೆ. ವ್ಯಾಪಾರಿ ವಯಸ್ಸಾದವರು. ಬಿಳಿ ಕಾಗದದ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ಕಿಟಕಿಯ ಪಕ್ಕ ಇಟ್ಟರು, ದೀಪ ಆರಿಸಿದರು. ದೀಪದಲ್ಲಿ ಗಾಢ ನೀಲಿ ಕಂಡಿದ್ದ ಎರಡು ಹರಳು ಬೆಳಕಿಗೆ ಬಂದಾಗ ಶಾಯಿಯ ಹಾಗೆ ಕಪ್ಪಾದವು. ಅವನ್ನು ಅವರೇ ಪಕ್ಕಕ್ಕೆ ಸರಿಸಿದರು.

ಆಮೇಲೆ ಒಂದು ಹರಳನ್ನು ಆ ದಿನದ ಪೇಪರ್ ಮೇಲಿಟ್ಟು "ಓದಿ ಅಮ್ಮ" ಅಂದರು. ಹರಳಿನ ನಡುವಿನಿಂದ ಅಕ್ಷರ ನೇರ ಕಾಣುತ್ತಿತ್ತು. ಕಟಿಂಗ್ ತೆಳುವಾದರೆ ಹೀಗೆ, ಬೆಳಕು ತಿರುಗಿ ಮೇಲೆ ಬರುವುದಿಲ್ಲ, ನಡುವೆ ಸಪ್ಪೆ. ಇನ್ನೊಂದನ್ನು ಚಿಮಟದಲ್ಲಿ ಹಿಡಿದು ಪಕ್ಕದಿಂದ ತೋರಿಸಿದರು. ಅದಕ್ಕೆ ಹೊಟ್ಟೆ ದಪ್ಪ. ಸಿಲೋನ್ ಕಡೆ ಕತ್ತರಿಸಿದ ಹರಳಿನಲ್ಲಿ ಇದು ಮಾಮೂಲು, ತೂಕ ಉಳಿಸಲು ಬುಡ ಹಾಗೇ ಬಿಡುತ್ತಾರೆ. ಉಂಗುರದೊಳಗೆ ಹೂತುಹೋಗುವ ಭಾಗಕ್ಕೂ ನಾವು ಕ್ಯಾರೆಟ್ ಲೆಕ್ಕದಲ್ಲೇ ಹಣ ಕೊಡಬೇಕಲ್ವಾ? ಮೂರನೆಯದು ನನ್ನ ಕೈಗೆ ಬಂತು. 1.85 ಕ್ಯಾರೆಟ್, ಕ್ಯಾರೆಟ್‌ಗೆ 22,000, ಒಟ್ಟು 40,700. ಒಂದು ಮೂಲೆಯಲ್ಲಿ ಬಣ್ಣ ಸ್ವಲ್ಪ ತಿಳಿ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ.

ಇಲ್ಲಿ ಅತ್ತೆಯ ಮಾತು ಉಪಯೋಗಕ್ಕೆ ಬಂತು. "ಮೂರು ದಿನ ಮನೇಲಿ ಇಟ್ಟು ನೋಡ್ತೀನಿ" ಅಂದೆ. ನೀಲಕ್ಕೆ ಹೀಗೆ ಕೇಳುವುದು ಅವರಿಗೆ ಹೊಸದಲ್ಲ, ತಕ್ಷಣ ಒಪ್ಪಿದರು. ಹಾಗೇ ಲ್ಯಾಬ್‌ಗೂ ಕೊಡ್ತೀನಿ ಅಂತ ಮುಚ್ಚುಮರೆ ಇಲ್ಲದೆ ಹೇಳಿದೆ. ಧಾರಾಳವಾಗಿ ಕೊಡಿ ಅಂದರು. 10,000 ಮುಂಗಡ ಕೊಟ್ಟು, ತೂಕ, ಅಳತೆ, "ಹೀಟೆಡ್, ಬೇರೇನೂ ಮಾಡಿಲ್ಲ, ಲ್ಯಾಬ್‌ನಲ್ಲಿ ಬೇರೆ ಬಂದರೆ ಹಣ ವಾಪಸ್" ಅಂತ ಬಿಲ್ಲಿನ ಮೇಲೆ ಬರೆಸಿಕೊಂಡೆ. ಒಂದು ರಾತ್ರಿ ಹರಳು ದಿಂಬಿನ ಕೆಳಗಿತ್ತು, ಉಳಿದ ಎರಡು ದಿನ ಲ್ಯಾಬ್‌ನಲ್ಲಿ. ಫೀಸು 1,200. ಷರಾದಲ್ಲಿ "ಬಿಸಿ ಮಾಡಿದ ಗುರುತಿದೆ" ಅಂತ ಬಂತು, ತುಂಬಿದ ಗುರುತು ಇಲ್ಲ. ಬಾಕಿ ಹಣ ಕೊಟ್ಟು ಬಂದೆ. ಹಳೆ ಬೆಳ್ಳಿ ಉಂಗುರಕ್ಕೇ ಆಚಾರ್ರು ಹೊಸ ಮನೆ ಕಟ್ಟಿ ಕೂರಿಸಿದರು, ಕೂಲಿ ತೆಗೆದುಕೊಳ್ಳಲಿಲ್ಲ.

ರತ್ತಿಯ ಬಗ್ಗೆ ಒಂದು ಮಾತು. ಹರಳಿನ ವ್ಯಾಪಾರದ ಪಕ್ಕಾ ರತ್ತಿ ಸುಮಾರು 0.91 ಕ್ಯಾರೆಟ್. ನನ್ನ 4.25 ರತ್ತಿ ಅಂದರೆ 3.9 ಕ್ಯಾರೆಟ್‌ಗೂ ಸ್ವಲ್ಪ ಕಡಿಮೆ. ಬೆಲೆ ಹೋಲಿಸುವಾಗ ಎಲ್ಲವನ್ನೂ ಕ್ಯಾರೆಟ್‌ಗೆ ತಂದುಕೊಳ್ಳಿ.

20,000ದೊಳಗೇ ಮುಗಿಸಬೇಕು ಅಂದರೆ ನಾನಾದರೆ ಸಣ್ಣ ಹೀಟೆಡ್ ಹರಳು ತೆಗೆದುಕೊಳ್ಳುತ್ತೇನೆ, ದೊಡ್ಡದಕ್ಕೆ ಆಸೆ ಪಡುವುದಿಲ್ಲ.

ಮುಂದಿನ ತಿಂಗಳು ನನ್ನ ತಂಗಿ ಬರುತ್ತಾಳೆ. ಅವಳಿಗೆ ಕನಕ ಪುಷ್ಯರಾಗ ಬೇಕಂತೆ. ಅದೂ ನೀಲದ ಜಾತಿಯೇ, ಬಣ್ಣ ಮಾತ್ರ ಹಳದಿ. ಅದರಲ್ಲಿ ಬೆರಿಲಿಯಂ ಸೇರಿಸಿ ಕಾಯಿಸಿ ಹಳದಿ ಏರಿಸಿದ್ದು ಬರುತ್ತದೆ, ಅದನ್ನು ಖಚಿತವಾಗಿ ಹಿಡಿಯೋಕೆ ಎಲ್ಲ ಲ್ಯಾಬ್‌ಗಳಲ್ಲೂ ಯಂತ್ರ ಇರುವುದಿಲ್ಲ. ಆ ಪರೀಕ್ಷೆ ಎಲ್ಲಿ ಮಾಡುತ್ತಾರೆ ಅಂತ ಮೊದಲು ಫೋನ್ ಮಾಡಿ ಕೇಳಿಟ್ಟುಕೊಂಡು, ಆಮೇಲೆ ಅವಳನ್ನು ಆ ಮೆಟ್ಟಿಲು ಹತ್ತಿಸಬೇಕು.