ಇಂಡಕ್ಷನ್ ಒಲೆ: ಎರಡು ಮಳೆಗಾಲ ಕಳೆದ ಮೇಲೆ

ಇಂಡಕ್ಷನ್ ಒಲೆ ತಂದರೆ ಗ್ಯಾಸ್ ಖರ್ಚು ಕಡಿಮೆಯಾಗುತ್ತದಾ ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ: ಮೊದಲು ಕಳೆದ ತಿಂಗಳ ಕರೆಂಟ್ ಬಿಲ್ ತೆಗೆದು ನೋಡಿ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿ ನಿಮಗೆ ಸಿಗುವ ಯೂನಿಟ್ ಎಷ್ಟು, ನೀವು ಖರ್ಚು ಮಾಡಿದ್ದು ಎಷ್ಟು ಎಂದು ಗೊತ್ತಾದರೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರು ಗಾಜಿನ ಮೇಲೆ ನೀರಿಟ್ಟು ಎರಡು ನಿಮಿಷದಲ್ಲಿ ಕುದಿಸಿ ತೋರಿಸುತ್ತಾರೆ, ನಾವು ಬೆರಗಾಗಿ ತಂದುಬಿಡುತ್ತೇವೆ.

ನಮ್ಮದು ವಿರಾಜಪೇಟೆಯಿಂದ ಸ್ವಲ್ಪ ಒಳಗೆ, ಸಣ್ಣ ಕಾಫಿ ತೋಟದ ಮನೆ. ಗಂಡ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಂಟೂವರೆ ಬಸ್ಸಿಗೆ ಓಡುವ ನಾನು. 2023ರ ದೀಪಾವಳಿ ಹೊತ್ತಿಗೆ 2000 ವ್ಯಾಟಿನ ಒಂದು ಸಾಧಾರಣ ಇಂಡಕ್ಷನ್ ಒಲೆ ತಂದೆವು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬೆಲೆಯಲ್ಲಿ ಸಿಗುವುದೆಲ್ಲ ಒಳಗಡೆ ಹೆಚ್ಚುಕಡಿಮೆ ಒಂದೇ ಎಂದು ರಿಪೇರಿಯವರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸಿದೆ. ಒಲೆಗೆ ಎರಡೂವರೆ ಸಾವಿರದ ಆಸುಪಾಸು ಆಯಿತು. ಪಾತ್ರೆಗೆ ಬೇರೆ ಖರ್ಚು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ. 14.2 ಕೆಜಿಯ ಒಂದು ಸಿಲಿಂಡರ್‌ನಲ್ಲಿ ಸುಮಾರು 180 ಯೂನಿಟ್ ಕರೆಂಟಿನಷ್ಟು ಶಾಖ ಇರುತ್ತದೆ. ಗ್ಯಾಸ್ ಒಲೆಯಲ್ಲಿ ಅದರ ಮೂರರಲ್ಲಿ ಎರಡು ಪಾಲು ಪಾತ್ರೆಗೆ ಹೋದರೆ ಪುಣ್ಯ, ಉಳಿದದ್ದು ಪಾತ್ರೆಯ ಸುತ್ತ ಹರಡಿ ಅಡುಗೆಮನೆಯನ್ನು ಬೆಚ್ಚಗೆ ಮಾಡುತ್ತದೆ (ಜುಲೈ ತಿಂಗಳಲ್ಲಿ ಅದೂ ಬೇಡ ಅನ್ನಲಾರೆ). ಇಂಡಕ್ಷನ್‌ನಲ್ಲಿ ನಷ್ಟ ಕಡಿಮೆ, ನೂರಕ್ಕೆ 85ರಷ್ಟು ಪಾತ್ರೆಗೇ ಸೇರುತ್ತದೆ. ಹಾಗಾಗಿ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಇಂಡಕ್ಷನ್‌ನಲ್ಲಿ ಹತ್ತಿರ ಹತ್ತಿರ 130–140 ಯೂನಿಟ್ ಬೇಕು. ಮನೆ ಕರೆಂಟಿನ ದರ ಯೂನಿಟ್‌ಗೆ 6 ರೂಪಾಯಿಯ ಆಸುಪಾಸು, ತೆರಿಗೆ ಸೇರಿದರೆ ಇನ್ನೂ ಸ್ವಲ್ಪ ಮೇಲೆ. ಗುಣಿಸಿ ನೋಡಿ, 800 ದಾಟುತ್ತದೆ. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ ಮೇಲೆ ಸಿಲಿಂಡರ್ ದರ ಬೆಂಗಳೂರಿನಲ್ಲಿ 855 ರೂಪಾಯಿ 50 ಪೈಸೆ ಆಯಿತು. ಅಂದರೆ ಆ ದರದಲ್ಲಿ ಪೂರ್ತಿ ದುಡ್ಡು ಕೊಟ್ಟು ಕರೆಂಟ್ ಸುಡುವ ಮನೆಗೆ ಎರಡೂ ಹೆಚ್ಚುಕಡಿಮೆ ಒಂದೇ. ಒಲೆಗೆ ಹಾಕಿದ ದುಡ್ಡು ದಂಡ.

ಹಾಗಾದರೆ ನಮಗೆ ಉಳಿದದ್ದು ಹೇಗೆ? ಗೃಹಜ್ಯೋತಿ ಬಂದಾಗ 2022–23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಹಾಕಿದರಲ್ಲ, ಆ ವರ್ಷ ನಮ್ಮ ಮನೆಯಲ್ಲಿ ಗೀಸರ್ ಓಡುತ್ತಿತ್ತು, ಸರಾಸರಿ ದೊಡ್ಡದಾಗಿಯೇ ಬಂತು. ಆಮೇಲೆ ಗೀಸರ್ ಕೆಟ್ಟಿತು, ಅತ್ತೆಯ ಹಂಡೆ ಒಲೆ ಮತ್ತೆ ಹೊತ್ತಿತು. ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಆದ ಮೇಲೆ ತೋಟದಲ್ಲಿ ಬೀಳುವ ಸೌದೆ ಇದ್ದೇ ಇದೆ, ಸ್ನಾನದ ನೀರಿಗೆ ನಯಾಪೈಸೆ ಖರ್ಚಿಲ್ಲ. ಹೀಗಾಗಿ ತಿಂಗಳಿಗೆ 25–30 ಯೂನಿಟ್ ಸುಮ್ಮನೆ ಮಿಗುತ್ತಿತ್ತು. ಮಿಕ್ಕಿದ್ದು ಮುಂದಿನ ತಿಂಗಳಿಗೆ ಜಮೆ ಆಗುವುದಿಲ್ಲ. ಆ ಮಿಗುವ ಯೂನಿಟ್ಟನ್ನು ಅನ್ನ ಮಾಡುವುದಕ್ಕೆಂದೇ ಈ ಒಲೆ ತಂದದ್ದು. ಮೊದಲು ಒಂದೂವರೆ ತಿಂಗಳಿಗೆ ಮುಗಿಯುತ್ತಿದ್ದ ಸಿಲಿಂಡರ್ ಈಗ ಎರಡು ತಿಂಗಳು ದಾಟಿ ಬರುತ್ತದೆ. ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಿಲಿಂಡರ್ ಉಳಿತಾಯ, ದುಡ್ಡಿನಲ್ಲಿ ಎರಡು ಸಾವಿರದ ಮೇಲೆ ಸ್ವಲ್ಪ. ತಿಂಗಳಿಗೆ ಸಾವಿರ ಉಳಿಯಿತು ಎಂದು ಯಾರಾದರೂ ಹೇಳಿದರೆ ಅವರು ಕರೆಂಟ್ ಬಿಲ್ ನೋಡಿಲ್ಲ ಅಂತಲೇ ಅರ್ಥ.

ಮಿತಿ ದಾಟಿದರೆ ಏನಾಗುತ್ತದೆ ಎಂದು ತಿಳಿದಿರಬೇಕು. ನಿಮ್ಮ ಪಾಲಿನ ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. ತಿಂಗಳಿಗೆ 200 ಯೂನಿಟ್ ದಾಟಿದಿರೋ, ಆ ತಿಂಗಳ ಇಡೀ ಬಿಲ್ಲು ನಿಮ್ಮ ತಲೆಗೆ. ಹಿಂದಿನ ಲೆಕ್ಕ ಇಲ್ಲದ ಹೊಸ ಮನೆಯವರಿಗೆ ಸಿಗುವುದು 53 ಯೂನಿಟ್, ಅದರ ಮೇಲೆ ಶೇಕಡಾ 10. ಫ್ರಿಜ್ಜು, ಮಿಕ್ಸಿ, ಟಿವಿಗೇ ಅದು ಸಾಲುವುದಿಲ್ಲ. ಅಂಥವರು ಈ ಒಲೆಯ ಗೋಜಿಗೆ ಹೋಗದಿರುವುದೇ ಒಳ್ಳೆಯದು. ನಾನು ಪ್ರತಿ ತಿಂಗಳ ಮಧ್ಯದಲ್ಲಿ ಮೀಟರಿನ ಒಂದು ಫೋಟೊ ಹೊಡೆದು ಇಟ್ಟುಕೊಳ್ಳುತ್ತೇನೆ. ಅರ್ಧ ತಿಂಗಳಿಗೆ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಉಳಿದ ದಿನ ಸಾರು ಪಲ್ಯ ಗ್ಯಾಸಿಗೆ, ಅನ್ನ ಮಾತ್ರ ಇಂಡಕ್ಷನ್‌ಗೆ.

ಪಾತ್ರೆಯ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಮನೆಯ ಅಲ್ಯೂಮಿನಿಯಂ ಕುಕ್ಕರ್, ಕಡಂಬುಟ್ಟು ಬೇಯಿಸುವ ಹಬೆ ಪಾತ್ರೆ, ಅತ್ತೆಯ ತಾಮ್ರದ ಚೆಂಬು, ಯಾವುದೂ ಇದರ ಮೇಲೆ ಕೆಲಸ ಮಾಡಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಮಕ್ಕಳು ಅಂಟಿಸಿದ ಅಯಸ್ಕಾಂತ ಕಿತ್ತುಕೊಂಡು ಒಂದೊಂದೇ ಪಾತ್ರೆಯ ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಚಿದರೆ ಆಯಿತು, ಜಾರಿದರೆ ಇಲ್ಲ. ತಳ ಸಪಾಟಾಗಿಯೂ ಇರಬೇಕು. ಕೊನೆಗೆ ಮೂರು ಲೀಟರಿನ ಸ್ಟೀಲ್ ಕುಕ್ಕರ್, ಹಾಲಿಗೊಂದು ಪಾತ್ರೆ ಹೊಸದಾಗಿ ತರಬೇಕಾಯಿತು. ಅಷ್ಟು ಸಾಕು. ಅಂಗಡಿಯಲ್ಲಿ ಏಳೆಂಟು ಪಾತ್ರೆಯ ಸೆಟ್ ಕಟ್ಟಲು ನೋಡುತ್ತಾರೆ, ಅದಕ್ಕೆ ತಲೆಯಾಡಿಸಿದರೆ ಮೂರು ವರ್ಷದ ಉಳಿತಾಯ ಅಲ್ಲೇ ಮುಗಿಯಿತು.

ಕೆಲಸಕ್ಕೆ ಹೋಗುವ ತಾಯಂದಿರಿಗೆ ದುಡ್ಡಿಗಿಂತ ದೊಡ್ಡದು ಟೈಮರ್. ಬೆಳಿಗ್ಗೆ ಎದ್ದ ಕೂಡಲೇ ಒಂದು ಕಡೆ ಗ್ಯಾಸ್ ಮೇಲೆ ಬೆಲ್ಲದ ಕಾಫಿಗೆ ನೀರು, ಇನ್ನೊಂದು ಕಡೆ ಇಂಡಕ್ಷನ್ ಮೇಲೆ ಕುಕ್ಕರ್. 1200 ವ್ಯಾಟ್, ಹನ್ನೆರಡು ನಿಮಿಷ ಒತ್ತಿದರೆ ಮುಗಿಯಿತು, ಕಾಲು ಯೂನಿಟ್ ಒಳಗೆ ಮಧ್ಯಾಹ್ನದ ಬುತ್ತಿಯ ಅನ್ನ ತಯಾರು. ಸೀಟಿ ಎಣಿಸುತ್ತಾ ನಿಲ್ಲಬೇಕಿಲ್ಲ. ಮಗಳ ಜಡೆ ಹಾಕುತ್ತಿದ್ದರೂ ಒಲೆ ತಾನೇ ಆರುತ್ತದೆ. ನಾನು ಬಸ್ ಹತ್ತಿದ ಮೇಲೆ "ಗ್ಯಾಸ್ ಆರಿಸಿದ್ದೇನಾ" ಎಂದು ಅತ್ತೆಗೆ ಫೋನ್ ಮಾಡುವುದು ನಿಂತಿದೆ. ಅತ್ತೆ ಮೊದಮೊದಲು ಇದರ ಹತ್ತಿರವೇ ಬರುತ್ತಿರಲಿಲ್ಲ. "ಉರಿ ಕಾಣದ ಒಲೆ ಎಂಥ ಒಲೆ" ಅನ್ನುತ್ತಿದ್ದರು. ಈಗ ಸಂಜೆ ನಾನು ಬರುವ ಮೊದಲೇ ಹಾಲು ಕಾಯಿಸಿ ಇಟ್ಟಿರುತ್ತಾರೆ.

ಹಾಲಿನ ವಿಷಯಕ್ಕೆ ಒಂದು ಮಾತು. ಕಡಿಮೆ ವ್ಯಾಟಿಗೆ ಇಟ್ಟರೆ ಗ್ಯಾಸಿನ ಸಣ್ಣ ಉರಿಯ ಹಾಗೆ ಇರುತ್ತದೆ ಎಂದುಕೊಳ್ಳಬೇಡಿ. ಈ ಬೆಲೆಯ ಒಲೆಗಳು ಕಡಿಮೆ ಉರಿ ಅಂದರೆ ಸ್ವಲ್ಪ ಹೊತ್ತು ಜೋರಾಗಿ ಓಡಿ, ಸ್ವಲ್ಪ ಹೊತ್ತು ಪೂರ್ತಿ ನಿಲ್ಲುತ್ತವೆ. ಹಾಲು ಉಕ್ಕಿ ಅಂಚಿನವರೆಗೆ ಬರುತ್ತದೆ, ಇನ್ನೇನು ಚೆಲ್ಲಿತು ಅನ್ನುವಾಗ ಕುಸಿಯುತ್ತದೆ, ಮತ್ತೆ ಏರುತ್ತದೆ. ನೋಡುವವರ ಎದೆ ಹಾರುತ್ತದೆ, ಅಷ್ಟೇ. ಪಾತ್ರೆ ಅರ್ಧ ಖಾಲಿ ಇದ್ದರೆ ಚೆಲ್ಲುವುದಿಲ್ಲ.

ಇದರಲ್ಲಿ ಆಗದೇ ಇರುವ ಕೆಲಸಗಳೂ ಇವೆ, ಅದರಲ್ಲಿ ನಮ್ಮ ಕಡೆಯ ಅಡುಗೆಯೇ ಹೆಚ್ಚು. ಅಕ್ಕಿ ರೊಟ್ಟಿ ಆಗುವುದೇ ಇಲ್ಲ. ಕಾವಲಿಯ ಮೇಲೆ ಎರಡೂ ಬದಿ ಬೇಯಿಸಿದರೂ ಕೊನೆಗೆ ಕೆಂಡದ ಮೇಲೋ ಉರಿಯ ಮೇಲೋ ಇಟ್ಟರೆ ತಾನೇ ಅದು ಉಬ್ಬುವುದು. ಇಂಡಕ್ಷನ್ ರೊಟ್ಟಿ ಚಪ್ಪಟೆಯಾಗಿ ಮಲಗಿರುತ್ತದೆ, ಮಕ್ಕಳೇ ಮುಟ್ಟುವುದಿಲ್ಲ. ದೋಸೆಯೂ ಅಷ್ಟಕ್ಕಷ್ಟೇ. ಒಳಗಿನ ಸುರುಳಿ ಇರುವಷ್ಟು ಅಗಲಕ್ಕೆ ಮಾತ್ರ ಕಾವು. ದೊಡ್ಡ ಕಾವಲಿ ಇಟ್ಟರೆ ನಡು ಸೀದು ಅಂಚು ಹಸಿಯಾಗಿರುತ್ತದೆ. ಪಂದಿ ಕರಿಗೆ (ಹಂದಿ ಮಾಂಸದ ಅಡುಗೆಗೆ) ನಾನು ಇದನ್ನು ಬಳಸುವುದಿಲ್ಲ, ಅದು ಸೌದೆ ಒಲೆಯದೇ ಕೆಲಸ. ಮಳೆಗಾಲದ ಕಣಿಲೆಯನ್ನು (ಎಳೆ ಬಿದಿರನ್ನು) ನೆನೆಸಿ, ನೀರು ಚೆಲ್ಲಿ, ಬೇಯಿಸುವುದಕ್ಕೆ ಮಾತ್ರ ಚೆನ್ನಾಗಿದೆ. ಅಷ್ಟು ಹೊತ್ತು ಗ್ಯಾಸ್ ಉರಿಸಲು ಮನಸ್ಸು ಬರುತ್ತಿರಲಿಲ್ಲ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಔಷಧಿಯೆಂದು ತಿನ್ನುವ ಮದ್ದುಸೊಪ್ಪು ಕುದಿಸುವುದೂ ಇದರ ಮೇಲೆಯೇ. ಬಣ್ಣ ಬಿಡುವವರೆಗೆ ಟೈಮರ್ ಇಟ್ಟು ಬಿಟ್ಟರಾಯಿತು.

ಆದರೆ ಆಗಸ್ಟ್ 3ಕ್ಕೆ ಕರೆಂಟ್ ಇರಬೇಕಲ್ಲ! ಕೊಡಗಿನಲ್ಲಿ ಇಂಡಕ್ಷನ್ ಒಲೆಯ ದೊಡ್ಡ ಶತ್ರು ಮಳೆ. ಗಾಳಿಗೆ ಸಿಲ್ವರ್ ಓಕ್‌ನ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು, ಲೈನ್‌ಮನ್‌ಗಳು ಮಳೆಯಲ್ಲೇ ಕಂಬ ಹತ್ತಿದರೂ ನಮ್ಮಂಥ ಒಳಗಿನ ಮನೆಗಳಿಗೆ ಕರೆಂಟ್ ಬರುವಾಗ ಎರಡು ದಿನ, ಮೂರು ದಿನ. ಇನ್ವರ್ಟರ್‌ಗೆ ಹಾಕುವ ಯೋಚನೆ ಬೇಡ. ಬಲ್ಬು ಫ್ಯಾನಿಗೆಂದು ಇಟ್ಟ ಇನ್ವರ್ಟರ್ ಈ ಭಾರ ಹೊರುವುದಿಲ್ಲ. ಜುಲೈ ತಿಂಗಳಲ್ಲಿ ಗ್ಯಾಸ್ ಎಂದಿನಂತೆಯೇ ಖಾಲಿಯಾಗುತ್ತದೆ, ಉಳಿತಾಯವೆಲ್ಲ ಉಳಿದ ತಿಂಗಳದ್ದು. ಮಳೆಗಾಲಕ್ಕೆ ಮೊದಲು ಒಂದು ತುಂಬಿದ ಸಿಲಿಂಡರ್ ಮನೆಯಲ್ಲಿರಲೇಬೇಕು, ಇಂಡಕ್ಷನ್ ಇದೆ ಎಂದು ಬುಕ್ ಮಾಡದೇ ಕೂರಬೇಡಿ.

ಬೇಸಿಗೆಯಲ್ಲಿ ತೊಂದರೆ ಬೇರೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟರೆ ಸುತ್ತಲಿನ ತೋಟಗಳಲ್ಲೆಲ್ಲ ಸ್ಪ್ರಿಂಕ್ಲರ್ ಮೋಟಾರ್ ಶುರುವಾಗುತ್ತದೆ. ವೋಲ್ಟೇಜ್ ಬಿದ್ದುಹೋಗುತ್ತದೆ. ಒಲೆ ಕೀಂಕ್ ಎಂದು ಕೂಗಿ ಪರದೆಯಲ್ಲಿ ಏನೋ ನಂಬರ್ ತೋರಿಸಿ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುವುದು. ಮೋಟಾರ್ ನಿಂತ ಮೇಲೆ ಹಾಕಿದರೆ ಓಡುತ್ತದೆ.

ನಿಜವಾಗಿ ಕೆಟ್ಟದ್ದು ಎರಡನೇ ಮಳೆಗಾಲದಲ್ಲಿ. ಎರಡು ದಿನ ಇಲ್ಲದ ಕರೆಂಟ್ ಒಮ್ಮೆಗೇ ಜೋರಾಗಿ ಬಂತು, ಒಳಗೆ ಪಟ್ ಎಂದಿತು, ಮತ್ತೆ ಉಸಿರಿಲ್ಲ. ವಾರಂಟಿ ಒಂದೇ ವರ್ಷದ್ದು, ಮುಗಿದಿತ್ತು. ಕಂಪನಿಗೆ ಫೋನ್ ಮಾಡಿದರೆ ಮೈಸೂರಿಗೆ ತನ್ನಿ ಎಂದರು. ಎರಡೂವರೆ ಸಾವಿರದ ಒಲೆಗೆ ಒಂದು ದಿನದ ರಜೆ, ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವ ಸಂಭ್ರಮ! ಗೋಣಿಕೊಪ್ಪದಲ್ಲಿ ಮಿಕ್ಸಿ ರಿಪೇರಿ ಮಾಡುವ ಹುಡುಗನಿಗೇ ಕೊಟ್ಟೆ. ಬಿಚ್ಚಿ ತೋರಿಸಿದ: ಫ್ಯೂಸ್ ಸುಟ್ಟಿದೆ, ಅದರ ಜೊತೆ ಐಜಿಬಿಟಿ ಎನ್ನುವ ಒಂದು ಬಿಡಿಭಾಗವೂ ಹೋಗಿದೆ. ಒಲೆಯೊಳಗಿನ ಫ್ಯಾನಿನ ಮೂಲೆಯಲ್ಲಿ ಜಿರಳೆ ಸಂಸಾರ. ಬೆಚ್ಚಗಿರುವ ಜಾಗ, ಮಳೆಗಾಲದಲ್ಲಿ ಅವಕ್ಕಾದರೂ ಬೇಡವೇ. ಏಳುನೂರು ರೂಪಾಯಿಗೆ ಸರಿಮಾಡಿ ಕೊಟ್ಟ. "ಅಕ್ಕಾ, ಕರೆಂಟ್ ಹೋದ ಕೂಡಲೇ ಪ್ಲಗ್ ಕಿತ್ತಿಡಿ. ಬಂದು ಹತ್ತು ನಿಮಿಷ ಆಗಲಿ, ಆಮೇಲೆ ಹಾಕಿ" ಎಂದ. ಅಂದಿನಿಂದ ಹಾಗೆಯೇ ಮಾಡುತ್ತಿದ್ದೇವೆ. ಕೆಲಸ ಮುಗಿದ ಮೇಲೆ ಒಲೆಯನ್ನು ಹಳೆ ದಿಂಬಿನ ಕವರಿನೊಳಗೆ ಹಾಕಿ ಕಪಾಟಿನಲ್ಲಿಡುತ್ತೇನೆ, ಫ್ಯಾನ್ ಪೂರ್ತಿ ನಿಂತ ಮೇಲೆಯೇ.

ಆ ಏಳುನೂರನ್ನೂ ಪಾತ್ರೆಯ ಖರ್ಚನ್ನೂ ಸೇರಿಸಿದರೆ ಹಾಕಿದ ದುಡ್ಡು ಇನ್ನೂ ಪೂರ್ತಿ ವಾಪಸಾಗಿಲ್ಲ. ಇನ್ನೊಂದು ಬೇಸಿಗೆ ಕಳೆದರೆ ಆದೀತು. ಇನ್ನೊಮ್ಮೆ ಸುಟ್ಟುಹೋದರೆ ಮಾತ್ರ ಇಡೀ ಲೆಕ್ಕ ತಲೆಕೆಳಗು. ಹಾಗಿದ್ದರೂ ಬೆಳಗಿನ ಟೈಮರ್‌ಗೋಸ್ಕರ ನಾನು ಇದನ್ನು ಬಿಡುವುದಿಲ್ಲ. ಐದಕ್ಕೆ ಮೂರೂವರೆ ನಕ್ಷತ್ರ.

ತರುವವರಿಗೆ ಎರಡು ಮಾತು. ಮಿಕ್ಸಿ ಹಾಕುವ ಸಣ್ಣ ಪಾಯಿಂಟಿಗೆ ಇದನ್ನು ಚುಚ್ಚಬೇಡಿ. 2000 ವ್ಯಾಟ್ ಅಂದರೆ ಎಂಟೊಂಬತ್ತು ಆಂಪ್ ಎಳೆಯುತ್ತದೆ, 16 ಆಂಪಿನ ದಪ್ಪ ಪ್ಲಗ್ ಪಾಯಿಂಟ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಹಳೆಯ ಮನೆಯಾದರೆ ವೈರ್ ಎಳೆಸುವ ಖರ್ಚನ್ನೂ ಸೇರಿಸಿಕೊಳ್ಳಿ. ಆಮೇಲೆ, ಒತ್ತುವ ಗುಂಡಿ ಇರುವುದನ್ನೇ ತೆಗೆದುಕೊಳ್ಳಿ. ಟಚ್ ಇರುವುದು ನೋಡಲು ಚೆಂದ, ಆದರೆ ಒದ್ದೆ ಕೈಗೂ ಹಿಟ್ಟಿನ ಕೈಗೂ ಅದು ಒಗ್ಗುವುದಿಲ್ಲ. ಪಕ್ಕದ ಮನೆಯವರು ಟಚ್ ಒಲೆ ತಂದು, ಈಗ ಕೈ ಒರೆಸಲು ಹೆಗಲಿಗೊಂದು ಬೈರಾಸು (ಟವೆಲ್) ಹಾಕಿಕೊಂಡೇ ಅಡುಗೆಗೆ ನಿಲ್ಲುತ್ತಾರೆ.