ಎದ್ದು ಬರುವ ಆಮೆ, ಜೆರಾಕ್ಸ್ ಪುಸ್ತಕ, ಕಾಂಪೋಸ್ಟ್ ಮಡಕೆ

ಮಗಳಿಗೆ ಆರು ವರ್ಷ, ಅಕ್ಕನ ಮಗನಿಗೆ ಒಂಬತ್ತು. ಕ್ರಿಸ್‌ಮಸ್ ರಜೆಯಲ್ಲಿ ಇಬ್ಬರೂ ನಮ್ಮ ಬೆಂಗಳೂರಿನ ಮನೆಯಲ್ಲೇ ಇದ್ದರು. ಕಸ, ಪ್ಲಾಸ್ಟಿಕ್ ವಿಷಯ ಸ್ವಲ್ಪ ತಲೆಗೆ ಹೋಗಲಿ ಅಂತ ಮೂರು ದಾರಿ ಹಿಡಿದೆ.

ಮೊದಲು ಎಆರ್, ಅಂದರೆ ಆಗ್ಮೆಂಟೆಡ್ ರಿಯಾಲಿಟಿ ಚಿತ್ರಪುಸ್ತಕ. ಆ್ಯಪ್ ಹಾಕಿಕೊಂಡು ಪುಟದ ಮೇಲೆ ಫೋನ್ ಹಿಡಿಯಬೇಕು. ಕ್ಯಾಮೆರಾ ಚಿತ್ರದ ಗೆರೆ, ಮೂಲೆಗಳನ್ನು ಗುರುತು ಹಿಡಿದು, ಪರದೆಯಲ್ಲಿ ಅದರ ಮೇಲೆ ಪ್ರಾಣಿಯನ್ನು ತಂದು ಕೂರಿಸುತ್ತದೆ. ನಮ್ಮದರಲ್ಲಿ ಕಡಲಾಮೆ. ಅದು ಪುಟದಿಂದ ಎದ್ದು ಈಜಿದ್ದೇ ತಡ, ಮಗಳು ಸೋಫಾ ಹತ್ತಿ ಮೇಲಿಂದ ಬೆನ್ನು ನೋಡಿದಳು, ಬಗ್ಗಿ ಹೊಟ್ಟೆ ಇಣುಕಿದಳು. ಸಾದಾ ಪುಸ್ತಕದ ಕೈಲಿ ಇದಾಗಲ್ಲ, ಒಪ್ಪಲೇಬೇಕು.

ಆಮೇಲೆ ಒಂದು ಪ್ಲಾಸ್ಟಿಕ್ ಚೀಲ ತೇಲಿ ಬರುತ್ತದೆ. ಬೆರಳಲ್ಲಿ ಮುಟ್ಟಿದರೆ ಚೀಲ ಮಾಯ. ಬಿಟ್ಟರೆ ಆಮೆ ಅದನ್ನು ಜೆಲ್ಲಿಫಿಶ್ ಅಂದುಕೊಂಡು ನುಂಗುತ್ತದೆ, ಹೊಟ್ಟೆ ಉಬ್ಬುತ್ತದೆ. ನಿಜವಾದ ಆಮೆಗಳೂ ಹೀಗೇ ಮೋಸಹೋಗುತ್ತವೆ. ಅಕ್ಕನ ಮಗ ಏನು ಮಾಡಿದ ಗೊತ್ತಾ? ಉಬ್ಬೋದು ನೋಡೋಕೆ ಮಜಾ ಅಂತ 11 ಸಲ ನುಂಗಿಸಿದ!

ಕಾಗದ ನುಣುಪು. ಟ್ಯೂಬ್‌ಲೈಟ್ ಬೆಳಕು ಬಿದ್ದರೆ ಆಮೆ ನಾಪತ್ತೆ. ಇರುವ ಒಂದು ಫೋನಿಗೆ ಇಬ್ಬರ ಜಗಳ ಬೇರೆ.

ಎರಡನೆಯದು ಸಾದಾ ಪುಸ್ತಕ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ಜಾಲತಾಣ 2015ರಿಂದ ಇದೆ, ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಕಸದ ಮೇಲಿನ ಒಂದು ಕಥೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಲ್ಲಿ ಪ್ರಿಂಟ್ ಹಾಕಿಸಿದೆ. ಅರ್ಧಕ್ಕೇ ಮಗಳು ತಡೆದಳು. "ಅಮ್ಮಾ, ನಮ್ಮ ಕಸದ ಗಾಡಿ ಎಲ್ಲಿಗೆ ಹೋಗುತ್ತೆ?" 2014ರಲ್ಲಿ, ನಮ್ಮ ಕಸ ಸುರಿಯುತ್ತಿದ್ದ ಊರಾಚೆಯ ಮಂಡೂರಿನ ಜನ ಬೆಂಗಳೂರಿನ ಕಸ ನಮಗೆ ಬೇಡ ಅಂತ ತಿರುಗಿ ನಿಂತದ್ದನ್ನು ಹೇಳಿದೆ. "ನಾವು ಹಾಕಿದ್ದು ಬೇರೆಯವರ ಊರಿಗಾ?" ಅಂದಳು. ಆಮೆ ಈಜುವಾಗ ಇಬ್ಬರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಚಿತ್ರ ಸುಮ್ನೆ ನಿಂತಿದ್ದರೆ ತಲೆ ಓಡುತ್ತೆ ಅಂತ ಕಾಣುತ್ತೆ.

ಮೂರನೆಯದು ಬಾಲ್ಕನಿಯ ಕಾಂಪೋಸ್ಟ್ ಮಡಕೆ. ಅವರೆಕಾಯಿ ಕಾಲ, ಸಿಪ್ಪೆಗೇನು ಬರ? ಸಿಪ್ಪೆ ಹಾಕಿ, ಒಣ ಎಲೆ ಹರಡಿ, ಹುಳಿ ಮಜ್ಜಿಗೆ ಚಿಮುಕಿಸುವುದು ಮಕ್ಕಳ ಕೆಲಸ. ವಾರಕ್ಕೆಲ್ಲ ವಾಸನೆ ಹೊಡೆಯಿತು. ತಪ್ಪು ನನ್ನದೇ, ಒಣ ಎಲೆ ಕಮ್ಮಿಯಾಗಿತ್ತು. ಇನ್ನಷ್ಟು ಸುರಿದು ಕಲಕಿದ ಮೇಲೆ ಸರಿಹೋಯಿತು. ಬಿಳಿ ಹುಳ ಕಂಡಾಗ ಅಕ್ಕನ ಮಗ ಮಡಕೆ ಮೇಲೂ ಫೋನ್ ಹಿಡಿದ. ಏನೂ ಎದ್ದು ಬರಲಿಲ್ಲ. ಫೋನ್ ಇಟ್ಟು ಕಡ್ಡಿ ತಗೊಂಡ. ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ.

ಎರಡು ತಿಂಗಳಾಯಿತು. ಮಗಳು ಈಗಲೂ ಹಾಲಿನ ಕವರ್ ತೊಳೆದು ಒಣ ಕಸದ ನೀಲಿ ಬಕೆಟ್ಟಿಗೆ ಹಾಕುತ್ತಾಳೆ, ನಾನು ಮರೆತರೆ ಬೈಗುಳ. ಆಮೆ ಪುಸ್ತಕ ಕೇಳಿದ್ದು ಎರಡೇ ಸಲ.

ಹಾಗಂತ ಅದು ದಂಡ ಅಲ್ಲ. ಕಡಲಿನ ತಳ, ಮಣ್ಣೊಳಗಿನ ಬೇರು, ಇಂಥ ಕಣ್ಣಿಗೆ ಬೀಳದ್ದನ್ನು ತೋರಿಸೋಕೆ ಎಆರ್ ತಗೊಳ್ಳಿ. ಮನೆ ಕಸದ ಪಾಠಕ್ಕೆ ಬೇಡ. ತಗೊಳ್ಳುವ ಮುಂಚೆ ಮೂರು ನೋಡಿ: ಕಾಗದ ಹೊಳೆಯಬಾರದು, ನೆಟ್ ಇಲ್ಲದೆ ನಡೆಯಬೇಕು, ಕನ್ನಡ ಧ್ವನಿ ಇರಬೇಕು. ನಮ್ಮ ಆಮೆಗೆ ಬರೀ ಇಂಗ್ಲಿಷ್ ಬರುತ್ತಿತ್ತು.