ಜೋಡಿಸಿದ ಕೇಬಲ್‌ನ ರೋಗ ಹಿಡಿದು ತೋರಿಸುವ ಪೆಟ್ಟಿಗೆ: ನ್ಯಾನೊ ವಿಎನ್‌ಎ ಎಚ್4

ಜಪಾನಿನ ಒಬ್ಬರ ಮುಕ್ತ ವಿನ್ಯಾಸದಿಂದ ಬೆಳೆದ ಉಪಕರಣ ನ್ಯಾನೊ ವಿಎನ್‌ಎ. ಆಂಟೆನಾ ಅಥವಾ ಕೇಬಲ್‌ಗೆ ಬೇರೆ ಬೇರೆ ಆವರ್ತನದ ಸಣ್ಣ ರೇಡಿಯೊ ಅಲೆ ಕಳಿಸಿ, ಎಷ್ಟು ಹಿಂತಿರುಗಿತು ಎಂದು ಪರದೆಯ ಮೇಲೆ ರೇಖೆಯಾಗಿ ತೋರಿಸುತ್ತದೆ. ನನ್ನಲ್ಲಿರುವುದು ನಾಲ್ಕು ಇಂಚಿನ ಪರದೆಯ ಎಚ್4. ಇದನ್ನು ಕೊಂಡವರು ಹೆಚ್ಚಾಗಿ ಆಂಟೆನಾ ಟ್ಯೂನ್ ಮಾಡುವುದಕ್ಕೆ ಬಳಸುತ್ತಾರೆ. ಉಪ್ಪುಗಾಳಿ ಮತ್ತು ಜೂನ್‌ನಿಂದ ಬಿಡದೆ ಸುರಿಯುವ ಮಳೆ ಎರಡೂ ಇರುವ ಕಾರವಾರದಲ್ಲಿ ನನಗೆ ಇದು ಹೆಚ್ಚು ಒದಗಿದ್ದು ಕೋಆಕ್ಸಿಯಲ್ ಕೇಬಲ್‌ನ (ಒಳತಂತಿಯ ಸುತ್ತ ಲೋಹದ ಜಾಲರಿ ಇರುವ ಕೇಬಲ್) ಜೋಡಣೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದಕ್ಕೆ.

ಸದಾಶಿವಗಡದಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ನಡೆಸುವ ನಿವೃತ್ತ ಮಾಸ್ತರರೊಬ್ಬರ ಹಿತ್ತಲಿನಲ್ಲಿ ಎರಡು ತೆಂಗಿನ ಮರಗಳ ನಡುವೆ 40 ಮೀಟರ್ ಬ್ಯಾಂಡಿನ, ಅಂದರೆ ಸುಮಾರು 7 ಮೆಗಾಹರ್ಟ್ಸ್‌ನ, ಡೈಪೋಲ್ ಇದೆ; ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾ ಅದು. ಮಳೆಗಾಲ ಕಳೆದ ಮೇಲೆ ಬೆಳಗಿನ ಹೊತ್ತು ಸಲೀಸಾಗಿ ಸಿಗುತ್ತಿದ್ದ ಸ್ಟೇಷನ್‌ಗಳು ಮಂದವಾದವು, ಇವರ ದನಿಯೂ ಅತ್ತ ಸರಿಯಾಗಿ ಮುಟ್ಟುತ್ತಿರಲಿಲ್ಲ. "ತಂಗಿ, ಎಸ್‌ಡಬ್ಲ್ಯೂಆರ್ ಒಂದೂವರೆಯ ಆಸುಪಾಸಿನಲ್ಲಿದೆ. ಆಂಟೆನಾದಲ್ಲಿ ದೋಷವಿಲ್ಲ, ರೇಡಿಯೊವನ್ನೇ ರಿಪೇರಿಗೆ ಕಳಿಸುತ್ತೇನೆ" ಎಂದರು. "ಮಾಸ್ತರರೇ, ಅದಕ್ಕೂ ಮೊದಲು ಕೇಬಲ್ ನೋಡಿಬಿಡೋಣ" ಎಂದು ಪೆಟ್ಟಿಗೆ ಹಿಡಿದು ಹೋದೆ.

ಎಸ್‌ಡಬ್ಲ್ಯೂಆರ್ ಎಂದರೆ ಕಳಿಸಿದ ಅಲೆಯಲ್ಲಿ ಎಷ್ಟು ಹಿಂತಿರುಗುತ್ತದೆ ಎಂಬುದರ ಅಳತೆ, ಒಂದಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಆದರೆ ಆ ಒಂದೂವರೆಯೇ ನನ್ನ ಅನುಮಾನಕ್ಕೆ ಕಾರಣ. 6.5ರಿಂದ 8 ಮೆಗಾಹರ್ಟ್ಸ್‌ವರೆಗೆ ಅಳೆದು ನೋಡಿದರೆ ರೇಖೆಯಲ್ಲಿ ಏರಿಳಿತ ತೀರ ಕಡಿಮೆ. ಒಳ್ಳೆಯ ಕೇಬಲ್‌ನ ತುದಿಯಲ್ಲಿರುವ ತಂತಿ ಡೈಪೋಲ್ ಹೀಗೆ ವರ್ತಿಸುವುದಿಲ್ಲ. ತನ್ನ ಆವರ್ತನದಲ್ಲಿ ತಗ್ಗು ಬಿದ್ದು ಎರಡೂ ಕಡೆ ಚೆನ್ನಾಗಿ ಏರಬೇಕು. ಕೇಬಲ್ ಶಕ್ತಿಯನ್ನು ನುಂಗುತ್ತಿದ್ದರೆ ಆಂಟೆನಾದಿಂದ ಹಿಂತಿರುಗುವ ಅಲೆಯನ್ನೂ ನುಂಗುತ್ತದೆ. ಆಂಟೆನಾ ಬಳಿ ಎಸ್‌ಡಬ್ಲ್ಯೂಆರ್ 3 ಇದ್ದು ಕೇಬಲ್‌ನಲ್ಲಿ 3 ಡೆಸಿಬೆಲ್ ನಷ್ಟವಾದರೆ ರೇಡಿಯೊ ಬಳಿಯ ಮೀಟರ್ 1.7ಕ್ಕಿಂತ ಕಡಿಮೆ ತೋರಿಸುತ್ತದೆ. ನೋಡಿದವರಿಗೆ ಎಲ್ಲ ಸರಿಯಾಗಿದೆ ಅನಿಸುತ್ತದೆ, ಅರ್ಧದಷ್ಟು ಶಕ್ತಿ ಮಾತ್ರ ದಾರಿಯಲ್ಲೇ ಶಾಖವಾಗಿ ಹೋಗಿರುತ್ತದೆ.

ಆಂಟೆನಾದ ತುದಿಯನ್ನು ಬಿಚ್ಚಿ, ಒಳತಂತಿ ಮತ್ತು ಜಾಲರಿಯನ್ನು ಶಾರ್ಟ್ ಮಾಡಿ ಈ ತುದಿಯಿಂದ ಅಳೆದೆ. ರಿಟರ್ನ್ ಲಾಸ್, ಅಂದರೆ ಕಳಿಸಿದ ಅಲೆ ಹಿಂತಿರುಗುವಷ್ಟರಲ್ಲಿ ಕಳೆದುಕೊಂಡದ್ದು, 7 ಡೆಸಿಬೆಲ್ ಬಂತು. ಹೋಗುವ ದಾರಿ, ಬರುವ ದಾರಿ ಎರಡೂ ಸೇರಿದ ಲೆಕ್ಕವಾದ್ದರಿಂದ ಒಂದು ದಾರಿಯ ನಷ್ಟ ಮೂರೂವರೆ. ಅಲ್ಲಿದ್ದಂಥ ಇಪ್ಪತ್ತೈದು ಮೀಟರ್ ಆರ್‌ಜಿ-58 ಜಾತಿಯ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು 1 ಡೆಸಿಬೆಲ್ ತಿನ್ನಬೇಕಷ್ಟೆ.

ಇನ್ನು ಜಾಗ ಗೊತ್ತಾಗಬೇಕು. ಅದಕ್ಕೆ ಟ್ರಾನ್ಸ್‌ಫಾರ್ಮ್ ಎಂಬ ಆಯ್ಕೆ ಇದೆ. 200 ಮೆಗಾಹರ್ಟ್ಸ್‌ವರೆಗೆ ಅಳೆಯಲು ಹೇಳಿ ವೆಲಾಸಿಟಿ ಫ್ಯಾಕ್ಟರ್ (ಕೇಬಲ್‌ನಲ್ಲಿ ಅಲೆಯ ವೇಗ ಬೆಳಕಿನ ವೇಗದ ಶೇಕಡಾ ಎಷ್ಟು ಎಂಬುದು) 66 ಎಂದು ಕೊಟ್ಟರೆ ದೋಷ ಎಷ್ಟು ದೂರದಲ್ಲಿದೆ ಎಂಬುದು ಅರ್ಧ ಮೀಟರಿನ ಆಚೀಚೆ ತಿಳಿಯುತ್ತದೆ. ಈ ಸಂಖ್ಯೆಯನ್ನು ಎಚ್ಚರದಿಂದ ಕೊಡಿ. ಒಳಗೆ ಫೋಮ್ ತುಂಬಿದ ಕೇಬಲ್‌ನ ಸಂಖ್ಯೆಯಾದ 80 ಕೊಟ್ಟಿದ್ದರೆ ಹದಿನಾಲ್ಕೂವರೆ ಮೀಟರಿನ ದೋಷ ಹದಿನೇಳೂವರೆಯಲ್ಲಿ ಕಾಣುತ್ತಿತ್ತು, ನಾವು ಸರಿಯಾಗಿರುವ ಕೇಬಲ್ಲನ್ನು ಕತ್ತರಿಸುತ್ತಿದ್ದೆವು. ಪರದೆಯಲ್ಲಿ ಕೇಬಲ್‌ನ ತುದಿಯನ್ನು ತೋರಿಸುವ ಕೊನೆಯ ಶಿಖರವಲ್ಲದೆ ಹದಿನಾಲ್ಕೂವರೆಯ ಹತ್ತಿರ ಇನ್ನೊಂದು ಗುಬುಟು ಎದ್ದಿತ್ತು. ಟೇಪು ಹಿಡಿದು ಅಳೆದಾಗ ಸೂರಂಚಿನ ಪಿವಿಸಿ ಕೊಳವೆಗೆ ಬಂದು ಮುಟ್ಟಿದೆವು.

ಕೊಳವೆಯೊಳಗೆ ಒಂದು ಜೋಡಣೆ. ಟಿವಿ ಕೇಬಲ್ ಕೆಲಸದವರೊಬ್ಬರು ಯಾವಾಗಲೋ ತಂತಿ ತಿರುಚಿ ಬೆಸುಗೆ ಹಾಕಿ ಕಪ್ಪು ಟೇಪು ಸುತ್ತಿದ್ದರು. ಟೇಪಿನ ಅಂಟು ಕರಗಿ ಕೈಗೆ ಮೆತ್ತಿಕೊಂಡಿತು. ಬಿಚ್ಚಿದರೆ ಒಳತಂತಿಯ ಮೇಲೆ ಹಸಿರು ಕಿಲುಬು, ಜಾಲರಿ ಕಪ್ಪಾಗಿ ಬೆರಳಿಗೆ ಪುಡಿಯಾಗುತ್ತಿತ್ತು. ನೀರು ಜೋಡಣೆಯಲ್ಲೇ ನಿಲ್ಲದೆ ಜಾಲರಿ ಹಿಡಿದು ಎರಡೂ ಕಡೆ ಹರಿದಿತ್ತು. ತಾಮ್ರ ಹೊಳೆಯುವ ಕಡೆಯವರೆಗೂ ಕತ್ತರಿಸುತ್ತ ಹೋದೆವು. ಕಪ್ಪಾದ ಜಾಲರಿಯನ್ನು ಕೆರೆದು ಮತ್ತೆ ಬೆಸೆಯುವುದರಿಂದ ಪ್ರಯೋಜನವಿಲ್ಲ.

ಹೊಸ ಕೇಬಲ್ ತುಂಡು ಸೇರಿಸಿ, ಪಿಎಲ್-259 ಎಂಬ ಕನೆಕ್ಟರ್ ಮತ್ತು ಎರಡು ಕನೆಕ್ಟರ್‌ಗಳನ್ನು ಸೇರಿಸುವ ಬ್ಯಾರಲ್‌ಗಳಿಂದ ಜೋಡಿಸಿದೆವು. ಈ ಕನೆಕ್ಟರ್ ತಾನಾಗಿ ನೀರು ತಡೆಯುವುದಿಲ್ಲ. ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಸುತ್ತುಗಳು ಮಾಡಿನ ಹಂಚಿನಂತೆ ಒಂದರ ಮೇಲೊಂದು ಕೂತು ನೀರನ್ನು ಹೊರಗೇ ಇಳಿಸುತ್ತವೆ. ಬಿಸಿಲು ತಡೆಯಲು ಅದರ ಮೇಲೆ ವಿನೈಲ್ ಟೇಪು.

ರಿಪೇರಿಯಾದ ಮೇಲೆ ಎಸ್‌ಡಬ್ಲ್ಯೂಆರ್ 2.3ಕ್ಕೆ ಏರಿತು! ಮಾಸ್ತರರ ಮುಖ ಬಾಡಿತು, ನನಗೆ ಮಾತ್ರ ಖುಷಿಯಾಯಿತು. ಆಂಟೆನಾದ ನಿಜವಾದ ರೇಖೆ ಕಂಡಿದ್ದೇ ಆಗ: ತಗ್ಗು 6.85 ಮೆಗಾಹರ್ಟ್ಸ್‌ನಲ್ಲಿತ್ತು, ಅಂದರೆ ತಂತಿ ಉದ್ದವಾಗಿದೆ. ಎರಡೂ ಕಡೆ ಮೂವತ್ತೇಳು ಸೆಂಟಿಮೀಟರಿನಷ್ಟು ಮಡಚಿ ಕಟ್ಟಿದ ಮೇಲೆ ತಗ್ಗು 7.1ಕ್ಕೆ ಬಂತು. ಮರುದಿನ ಬೆಳಿಗ್ಗೆ ಅವರ ದನಿ ಕೋಡಿಬಾಗದ ನನ್ನ ಮನೆಯಲ್ಲಷ್ಟೇ ಅಲ್ಲ, ಬೆಂಗಳೂರಿನಲ್ಲೂ ಸ್ಪಷ್ಟವಾಗಿ ಕೇಳಿಸಿತು.

ಕೊರತೆಗಳೂ ಇವೆ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಕೊಡೆ ಹಿಡಿಯಲು ಒಬ್ಬರು ಬೇಕು. ಇದು ಹೊರಡಿಸುವ ಶಕ್ತಿ ಒಂದು ಮಿಲಿವ್ಯಾಟ್‌ಗಿಂತಲೂ ಕಡಿಮೆ. 100 ವ್ಯಾಟ್ ಬಿದ್ದಾಗ ಮಾತ್ರ ಕಿಡಿ ಹಾರುವ ಸಡಿಲ ಜೋಡಣೆ ಇದರ ಕಣ್ಣಿಗೆ ಬೀಳದೇ ಇರಬಹುದು. ಅಂಥಲ್ಲಿ ಒಬ್ಬರು ಜೋಡಣೆಯನ್ನು ಅಲ್ಲಾಡಿಸುತ್ತಿರಬೇಕು, ಇನ್ನೊಬ್ಬರು ರೇಖೆ ಕುಣಿಯುತ್ತದೆಯೇ ಎಂದು ನೋಡಬೇಕು. ಕೇಬಲ್‌ನಲ್ಲಿ ಸ್ಥಾಯೀ ವಿದ್ಯುತ್ ಕೂತಿರುತ್ತದೆ, ಗುಡುಗಿನ ದಿನಗಳಲ್ಲಂತೂ ಹೆಚ್ಚು. ಸಿಕ್ಕಿಸುವ ಮೊದಲು ಒಳತಂತಿಯನ್ನು ಜಾಲರಿಗೆ ಮುಟ್ಟಿಸಿ ಇಳಿಸದಿದ್ದರೆ ಉಪಕರಣ ಸುಟ್ಟುಹೋಗಬಹುದು. ಗುಡುಗು ಕೇಳಿಸುತ್ತಿದ್ದರೆ ಕೇಬಲ್ ಮುಟ್ಟಲೇಬೇಡಿ.

ಕೊಳ್ಳುವವರು ಉಪಕರಣದ ಎಸ್‌ಎಂಎ ಎಂಬ ಚಿಕ್ಕ ಕಿಂಡಿಯಿಂದ ಪಿಎಲ್-259ಕ್ಕೆ ಹೊಂದುವ ಅಡಾಪ್ಟರ್ ಒಂದನ್ನು ಜೊತೆಯಲ್ಲೇ ತರಿಸಿಕೊಳ್ಳಿ. ನನ್ನ ಉಪಕರಣದ ಜೊತೆ ಅದು ಬಂದಿರಲಿಲ್ಲ. ಮೇ ತಿಂಗಳಲ್ಲಿ ಕೇಬಲ್‌ನ ನಷ್ಟವನ್ನು ಅಳೆದು ಬರೆದಿಡಿ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡರ ನಡುವೆ ಅರ್ಧ ಡೆಸಿಬೆಲ್ ಹೆಚ್ಚಾಗಿದ್ದರೂ ಜೋಡಣೆಯ ಟೇಪು ಬಿಚ್ಚಿ ನೋಡುವುದು ಒಳ್ಳೆಯದು.